ರೆಕ್ಕೆಯ ಎಮ್ಮೆಗೊಂದು ಎಡೆ

ಕಾರ್ಟೂನ್ ಸಿನಿಮಾ ನೋಡುವ ದೊಡ್ಡವರಲ್ಲಿ ಒಬ್ಬರಾದರೂ ತಮಗೋಸ್ಕರ ನೋಡಿದ್ದನ್ನು ನಾನು ಕಂಡಿಲ್ಲ. ಎಲ್ಲರೂ ನೋಡುವುದು ಮಗುವಿಗೋಸ್ಕರ. ಮಗು ಹಠ ಮಾಡಿತು, ಮಗುವಿಗೆ ರಜೆ ಇತ್ತು, ಮಗುವೊಂದನ್ನೇ ಥಿಯೇಟರಿನಲ್ಲಿ ಕೂರಿಸಿ ಬರಲಾಗುತ್ತದೆಯೇ ಎಂದು ಕಾರಣ ಕೊಡುತ್ತಾರೆ. ಕಂದಾಯದ ಕಾಗದಗಳ ನಡುವೆ ಬದುಕುವ ನಮ್ಮಂಥವರು ಇದಕ್ಕೆ ಬೇನಾಮಿ ಎನ್ನುತ್ತೇವೆ. ಜಮೀನು ಒಬ್ಬನದು, ಹೆಸರು ಇನ್ನೊಬ್ಬನದು. ಇಲ್ಲಿ ಕಣ್ಣೀರು ಅಪ್ಪನದು, ಹೆಸರು ಮಗುವಿನದು.

ನಾನು ದಿನವೂ ನಂಜನಗೂಡಿನಿಂದ ಬಸ್ಸು ಹಿಡಿದು ತಿ. ನರಸೀಪುರದ ಒಂದು ಕಚೇರಿಗೆ ಹೋಗಿ ಬರುವವನು. ಅಲ್ಲಿ ನನ್ನ ಮೇಲಿನ ಅಧಿಕಾರಿಯೊಬ್ಬರಿದ್ದಾರೆ. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿದ ಕೂಡಲೇ ಮೊಬೈಲನ್ನು ನೀರಿನ ಬಾಟಲಿಗೆ ಒರಗಿಸಿ, ಮಾತಾಡುವ ಮೊಲವೋ ಹಾಡುವ ಮೀನೋ ಬರುವ ಸಿನಿಮಾ ಹಾಕಿಕೊಳ್ಳುತ್ತಾರೆ. ಯಾರಾದರೂ ಇಣುಕಿದರೆ, "ಏನಿಲ್ಲ ಕಣ್ರೀ, ನಮ್ಮ ಹುಡುಗನಿಗೆ ಇಂಥವು ಇಷ್ಟ. ಒಳ್ಳೇದೋ ಕೆಟ್ಟದ್ದೋ ಅಂತ ಮೊದಲು ನಾನು ನೋಡ್ಬುಡಾನ ಅಂತ" ಎನ್ನುತ್ತಾರೆ. ಅವರ ಹುಡುಗನಿಗೆ ಮದುವೆಯಾಗಿ ಎರಡು ವರ್ಷವಾಯಿತು. ಹೋದ ತಿಂಗಳು ಮೀನಿನ ತಾಯಿ ತೀರಿಕೊಂಡ ದಿನ ಇವರು ಮೊಸರನ್ನ ಮುಟ್ಟಲಿಲ್ಲ.

ನಾನು ಆ ಜಾತಿಯವನಲ್ಲ ಎಂದು ಬಹಳ ಕಾಲ ನಂಬಿಕೊಂಡಿದ್ದೆ. ಏಕೆಂದರೆ ನಾನು ಪದವೀಧರ. ಇದನ್ನು ನಾನು ಆಗಾಗ ಹೇಳುತ್ತಿರುತ್ತೇನೆ. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ ಎಂಬುದು ಒಂದು ಕಾರಣ. ಬಿಳಿಗೆರೆ ಕಡೆಯ ನಮ್ಮ ವಂಶದಲ್ಲಿ ನನಗಿಂತ ಮುಂಚಿನವರೆಲ್ಲ ಹೆಬ್ಬೆಟ್ಟು ಒತ್ತಿಯೇ ಹೋದವರು ಎಂಬುದು ಇನ್ನೊಂದು. ಬೆಳಿಗ್ಗೆ ಹಾಲು ಕರೆದು, ಡೇರಿಗೆ ಹಾಕಿ, ಸಗಣಿ ಬಾಚಿದ ಕೈ ತೊಳೆದು ಕಾಲೇಜಿಗೆ ಓಡಿದವನು ನಾನು. ಇಂಗ್ಲಿಷ್ ಪೇಪರು ನನ್ನನ್ನು ಎರಡು ಸಲ ಎತ್ತಿ ಒಗೆಯಿತು. ಮೂರನೆಯ ಸಲ ನಾನು ಅದನ್ನು ಒಗೆದೆ. ಇಷ್ಟೆಲ್ಲ ಕಷ್ಟಪಟ್ಟು ಗಳಿಸಿದ ಪದವಿಯಿಂದ ಒಬ್ಬ ಮನುಷ್ಯನಿಗೆ ಸಿಗುವ ಮುಖ್ಯ ಹಕ್ಕು ಯಾವುದು? ಬೇರೆಯವರು ಸಂತೋಷವಾಗಿ ನೋಡುತ್ತಿರುವುದನ್ನು ತೋರಿಸಿ "ಇದೆಲ್ಲ ಸುಳ್ಳು" ಎನ್ನುವ ಹಕ್ಕು. ಆ ಹಕ್ಕನ್ನು ನಾನು ಧಾರಾಳವಾಗಿಯೇ ಚಲಾಯಿಸುತ್ತಿದ್ದೆ.

ಚಲಾಯಿಸಬಾರದ ಕಡೆ ಚಲಾಯಿಸಿದ್ದು ಒಂದು ಭಾನುವಾರ. ನನ್ನ ಮಗಳು ಸಿಂಚನಳಿಗೆ ಒಂಬತ್ತು ವರ್ಷ. ಮೈಸೂರಿನ ಮಾಲ್‌ನಲ್ಲಿ ಹೊಸ ಕಾರ್ಟೂನ್ ಸಿನಿಮಾ ಬಂದಿದೆ ಎಂದು ಹಠ ಹಿಡಿದಳು. ನಾನು, ನನ್ನ ಹೆಂಡತಿ, ಸಿಂಚನ, ನಮ್ಮವ್ವ ರೈಲು ಹತ್ತಿ ಹೋದೆವು. ಅವ್ವ ತನ್ನ ಕನ್ನಡಕದ ಮೇಲೆ ಥಿಯೇಟರಿನವರು ಕೊಟ್ಟ ತ್ರೀಡಿ ಕಪ್ಪು ಕನ್ನಡಕವನ್ನೂ ಏರಿಸಿಕೊಂಡು ಕೂತಳು. ಯಾವುದೋ ದೇಶದ ಸಿನಿಮಾ, ಕನ್ನಡಕ್ಕೆ ಮಾತು ಹಾಕಿದ್ದರು. ಅದರಲ್ಲಿ ಒಂದು ಪ್ರಾಣಿ. ಕೊಂಬು ಎಮ್ಮೆಯದು, ರೆಕ್ಕೆ ಹದ್ದಿನದು, ಮಾತು ಟಿವಿ ಧಾರಾವಾಹಿಯ ಅತ್ತೆಯದು. ಅದಕ್ಕೊಂದು ಉದ್ದನೆಯ ಹೆಸರೂ ಇತ್ತು. ಅವ್ವ ಮೊದಲ ನಿಮಿಷದಲ್ಲೇ ತೀರ್ಪು ಕೊಟ್ಟಳು: "ಎಮ್ಮೆ ಕಣ್ಲಾ ಅದು." ಅಲ್ಲಿಗೆ ಆ ವಿಷಯ ಮುಗಿಯಿತು. ಕೊನೆಯಲ್ಲಿ ಹಿಮ ಕುಸಿದು ಊರು ಮುಚ್ಚಿಹೋಗುವಾಗ, ಮುದಿ ಎಮ್ಮೆ ಊರಿನ ಮಕ್ಕಳನ್ನೆಲ್ಲ ಬೆನ್ನ ಮೇಲೆ ಹೊತ್ತು ಬೆಟ್ಟದಾಚೆಗೆ ಇಳಿಸಿ, ಉಳಿದ ಒಂದು ಮಗುವಿಗೋಸ್ಕರ ವಾಪಸು ಹೋಯಿತು. ಮಗು ಬಂತು. ಎಮ್ಮೆ ಬರಲಿಲ್ಲ.

ವಾಪಸು ಬರುವ ರೈಲಿನಲ್ಲಿ ಸಿಂಚನ ಬಿಕ್ಕುತ್ತಲೇ ಕೇಳಿದಳು: "ಅದು ಮತ್ತೆ ಬರಲ್ವಾ ಅಪ್ಪ?"

ಇಂಥ ಪ್ರಶ್ನೆಗೆ ಬುದ್ಧಿ ಇರುವ ಯಾವ ಅಪ್ಪನೂ ಹೇಳದ ಉತ್ತರವನ್ನು ನಾನು ಹೇಳಿದೆ. ಬರುವ ಪ್ರಶ್ನೆಯೇ ಇಲ್ಲ, ಏಕೆಂದರೆ ಅದು ಇರಲೇ ಇಲ್ಲ ಎಂದೆ. ತಂಪು ಕೋಣೆಯಲ್ಲಿ ನೂರಾರು ಜನ ಕಂಪ್ಯೂಟರ್ ಮುಂದೆ ಕೂತು ಮಾಡಿದ ಚಿತ್ರ. ಒಂದು ಸೆಕೆಂಡಿಗೆ ಇಪ್ಪತ್ತನಾಲ್ಕು ಚಿತ್ರಗಳು ಸರಸರನೆ ಹೋಗುತ್ತವೆ, ನಮ್ಮ ಕಣ್ಣು ಮೋಸ ಹೋಗುತ್ತದೆ, ಅಷ್ಟೆ ಎಂದೆ. ಎದುರಿನ ಸೀಟಿನ ಇಬ್ಬರು ಅಪರಿಚಿತರಿಗೂ ತಿಳಿಯಲಿ ಎಂದು ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ. ಸಿಂಚನ ಅಳು ನಿಲ್ಲಿಸಿದಳು. ಕಿಟಕಿಯ ಕಡೆ ತಿರುಗಿ ಕೂತಳು. ಅವತ್ತಿನಿಂದ ನನ್ನನ್ನು ಏನನ್ನೂ ಕೇಳುವುದನ್ನು ಬಿಟ್ಟಳು.

ಮಾತು ಬಿಟ್ಟಳು ಎಂದಲ್ಲ. ಊಟಕ್ಕೆ ಕರೆಯುತ್ತಿದ್ದಳು, ಬಾಗಿಲು ತೆಗೆಯುತ್ತಿದ್ದಳು. ಪ್ರಶ್ನೆ ಮಾತ್ರ ಇಲ್ಲ. ಈ ನಷ್ಟ ಎಷ್ಟು ದೊಡ್ಡದೆಂದು ಬೇರೆಯವರಿಗೆ ಅರ್ಥವಾಗುವುದು ಕಷ್ಟ. ನರಸೀಪುರದ ಬಸ್ಸಿನಲ್ಲಿ ಜೋತಾಡಿಕೊಂಡು ಸಂಜೆ ಮನೆಗೆ ಬಂದರೆ, ಅವಳು ಹಗಲೆಲ್ಲ ಕೂಡಿಟ್ಟ ಮೂರ್ನಾಲ್ಕು ಪ್ರಶ್ನೆ ಕಾಯುತ್ತಿರುತ್ತಿದ್ದವು. ಕಪಿಲೆ ಯಾಕೆ ಒಂದೇ ಕಡೆ ಹರಿಯುತ್ತಾಳೆ, ಇರುವೆಗೆ ನಿದ್ದೆ ಬರುತ್ತದಾ, ಸೊನ್ನೆಯನ್ನು ಕಂಡುಹಿಡಿಯುವ ಮುಂಚೆ ಏನೂ ಇಲ್ಲದ್ದಕ್ಕೆ ಏನೆನ್ನುತ್ತಿದ್ದರು. ನನ್ನ ಡಿಗ್ರಿಗೆ ಈ ಲೋಕದಲ್ಲಿದ್ದ ಏಕೈಕ ಗಿರಾಕಿ ಅವಳು. ಕಚೇರಿಯಲ್ಲಿ ನನ್ನನ್ನು ಯಾರೂ ಇಷ್ಟು ವರ್ಷದಲ್ಲಿ "ಫೈಲು ಎಲ್ಲಿ?" ಎಂಬುದಕ್ಕಿಂತ ಆಳವಾದ ಪ್ರಶ್ನೆ ಕೇಳಿಲ್ಲ.

ಗಿರಾಕಿ ಈಗ ಎದುರಂಗಡಿಗೆ ಹೋಗಿದ್ದಳು. ಎದುರಂಗಡಿ ಎಂದರೆ ಅವ್ವ. ಓದು ಬರಹ ಇಲ್ಲ, ಸ್ಟಾಕು ಮಾತ್ರ ಬಹಳ. ಒಂದು ಸಂಜೆ ಜಗಲಿಯಲ್ಲಿ ಕೂತು ಸಿಂಚನ ಕೇಳುತ್ತಿದ್ದಳು: "ಅಜ್ಜಿ, ನಾವು ಹೋದಲ್ಲೆಲ್ಲ ಚಂದ್ರ ಯಾಕೆ ನಮ್ಮ ಹಿಂದೇನೇ ಬರ್ತಾನೆ?" ಅವ್ವ ರಾಗಿ ಕೇರುತ್ತಲೇ ಹೇಳಿದಳು: "ಅವನ್ಗೂ ಜೊತೆಗೆ ಯಾರಿಲ್ಲ ಕಣವ್ವ, ಅದುಕ್ಕೆ." ಒಳಗೆ ಪೇಪರು ಹಿಡಿದು ಕೂತಿದ್ದ ನನ್ನ ನಾಲಗೆಯ ತುದಿಗೆ ದೂರ, ಕೋನ, ದೃಷ್ಟಿಭ್ರಮೆ ಎಲ್ಲ ಬಂದು ನಿಂತಿದ್ದವು. ಕೇಳುವವರಿರಲಿಲ್ಲ. ಸರಿಯಾದ ಉತ್ತರ ನನ್ನ ಹತ್ತಿರ ಇತ್ತು, ಪ್ರಶ್ನೆ ಅವ್ವನ ಹತ್ತಿರ ಇತ್ತು.

ಹೀಗೇ ಒಂದು ವಾರ ಕಳೆಯುವಷ್ಟರಲ್ಲಿ ಪಿತೃಪಕ್ಷ ಬಂತು. ನಮ್ಮಲ್ಲಿ ಆಗ ತೀರಿಹೋದ ಹಿರಿಯರಿಗೆ ಎಡೆ ಇಡುತ್ತೇವೆ. ಒಬ್ಬೊಬ್ಬರಿಗೆ ಒಂದೊಂದು ಬಾಳೆಯೆಲೆ ಹಾಕಿ, ಬದುಕಿದ್ದಾಗ ಅವರು ಇಷ್ಟಪಟ್ಟು ತಿಂದದ್ದನ್ನೆಲ್ಲ ಬಡಿಸಿ, ಧೂಪ ಹಾಕಿ, ಮನೆಯವರೆಲ್ಲ ಹೊರಗೆ ಬಂದು ಬಾಗಿಲು ಮುಚ್ಚಿಕೊಳ್ಳುತ್ತೇವೆ. ಸತ್ತವರು ಉಣ್ಣುವಾಗ ಬದುಕಿರುವವರು ನೋಡಬಾರದು. ಸ್ವಲ್ಪ ಹೊತ್ತಿನ ಮೇಲೆ ಹಿರಿಯ ಮಗ ಬಾಗಿಲ ಹೊರಗೆ ನಿಂತು ಕೆಮ್ಮಬೇಕು. ಅವರು ಕೈ ತೊಳೆದುಕೊಂಡು ಹೊರಡಲಿ ಎಂದು. ಆಮೇಲೆ ನಾವು ಒಳಗೆ ಹೋಗಿ ಊಟ ಮಾಡಬಹುದು.

ಹಬ್ಬಕ್ಕೆ ಮೂರು ದಿನ ಮುಂಚೆ ಅವ್ವ ಎಲೆಗಳ ಎಣಿಕೆ ಹಾಕುತ್ತಿದ್ದಳು. ಮುತ್ತಾತನಿಗೊಂದು, ತಾತನಿಗೊಂದು, ಅಜ್ಜಿಗೊಂದು, ನಮ್ಮಪ್ಪನಿಗೊಂದು. ಸಿಂಚನ ಕೇಳಿದಳು: "ಎಮ್ಮೆಗೆ?"

ಅವ್ವ ನಗಲಿಲ್ಲ. ಒಂದು ಗಳಿಗೆ ಯೋಚಿಸಿದಳು. "ಅದ್ಕೆ ಮಕ್ಕಳು ಮರಿ ಏನಾರ ಅವಾ?"

"ಇಲ್ಲ. ಊರ ಮಕ್ಕಳೇ ಎಲ್ಲಾ."

"ಅಂಗಾರೆ ನಾವೇ ಇಕ್ಬೇಕು ಬುಡು. ಇಕ್ಕೋರಿಲ್ದೋರ್ಗೆ ಇಕ್ಕುದ್ರೇ ಅದು ಎಡೆ."

ಪೇಪರು ಮಡಚಿ ನಾನು ಎದ್ದುಬಂದೆ. ಇದು ತಮಾಷೆಯ ವಿಷಯವಲ್ಲ. ಹಬ್ಬದ ದಿನ ತಗಡೂರಿನಿಂದ ಚಿಕ್ಕಪ್ಪ ಬರುತ್ತಾರೆ, ಸಾಲಿನಲ್ಲಿ ಇನ್ನೊಂದು ಎಲೆ ನೋಡಿ ಇದು ಯಾರಿಗೆ ಎನ್ನುತ್ತಾರೆ, ಕಾರ್ಟೂನ್ ಎಮ್ಮೆಗೆ ಎಂದು ಹೇಳುವುದಾ? ಒಬ್ಬ ಪದವೀಧರನ ಮನೆಯಲ್ಲಿ? ಬರೆದ ಚಿತ್ರಕ್ಕೆ ಎಡೆ ಇಟ್ಟರು ಎಂದು ಊರೆಲ್ಲ ಆಡಿಕೊಂಡರೆ ನಾನು ಓದಿದ್ದು ಏನಕ್ಕೆ ಬಂತು? ನನ್ನ ಭಾಷಣ ಚೆನ್ನಾಗಿಯೇ ಇತ್ತು. ಅಡುಗೆಮನೆಯಿಂದ ನನ್ನ ಹೆಂಡತಿ, "ಡಿಗ್ರಿನ ದಿನಾ ಮನೆಗೆ ಹೊತ್ಕೊಂಡು ಬರ್ತೀರಲ್ಲ, ಒಂದಿನ ಆಫೀಸಲ್ಲೇ ಬೀರುಲಿಟ್ಟು ಬೀಗ ಹಾಕಿ ಬನ್ನಿ" ಎಂದಳು. ಅವ್ವ ಕಣ್ಣು ಕಿರಿದು ಮಾಡಿ ನನ್ನನ್ನೇ ನೋಡಿದಳು.

"ಏನ್ಲಾ ಬುದ್ವಂತ, ನೀನು ಓದಿದ್ದು ಯಾತರಲ್ಲಿ? ಎಮ್ಮೆ ಹಾಲಲ್ಲಿ ಕಣ್ಲಾ. ಎಮ್ಮೆಗೆ ಒಂದೆಲೆ ಇಕ್ಕಾಕೆ ನಿಂಗೆ ನಾಚ್ಕೆಯಾ?"

"ಅದು ನಿಜವಾದ ಎಮ್ಮೆ ಅವ್ವ. ಇದು ಕಂಪ್ಯೂಟರ್‌ನಲ್ಲಿ ಮಾಡಿದ್ದು."

ಸಿಂಚನ ಅಷ್ಟು ಹೊತ್ತೂ ನೆಲದ ಮೇಲೆ ಕೂತು, ಗೋಡೆಯಿಂದ ಇಳಿಸಿದ್ದ ನಮ್ಮಪ್ಪನ ಫೋಟೋದ ಗಾಜು ಒರೆಸುತ್ತಿದ್ದಳು. ತಲೆ ಎತ್ತದೆ, ನನ್ನನ್ನಲ್ಲ, ಅಜ್ಜಿಯನ್ನೇ ಕೇಳಿದಳು: "ಅಜ್ಜಿ, ತಾತನ ಕೋಟನ್ನೂ ಕಂಪ್ಯೂಟರಲ್ಲೇ ಮಾಡಿದ್ದಲ್ವಾ?"

ಅವ್ವ ಫೋಟೋದ ಕಡೆ ನೋಡಿದಳು, ಆಮೇಲೆ ನನ್ನ ಕಡೆ.

ಈ ಕೋಟಿನ ವಿಷಯ ಹೇಳಲೇಬೇಕು. ನಾನು ಡಿಗ್ರಿ ಎರಡನೇ ವರ್ಷದಲ್ಲಿದ್ದಾಗ ಅಪ್ಪ ತೀರಿಕೊಂಡ. ಬದುಕಿದ್ದಾಗ ಅವನೊಬ್ಬನದೇ ಫೋಟೋ ತೆಗೆಸುವ ಪ್ರಸಂಗ ಬರಲಿಲ್ಲ. ಯಾರದೋ ಮದುವೆಯ ಗುಂಪಿನಲ್ಲಿ, ಇಬ್ಬರ ಭುಜದ ನಡುವೆ, ಹೆಬ್ಬೆರಳ ಉಗುರಿನಷ್ಟು ಮುಖ ಸಿಕ್ಕಿತು. ಕೆಲಸ ಸಿಕ್ಕಿದ ಮೇಲೆ ಅದನ್ನು ನಂಜನಗೂಡಿನ ಒಂದು ಸ್ಟುಡಿಯೋಗೆ ಒಯ್ದೆ. ಸ್ಟುಡಿಯೋದವನು ಕಂಪ್ಯೂಟರಿನಲ್ಲಿ ಮುಖವನ್ನು ಕತ್ತರಿಸಿ ತೆಗೆದು, "ಮೈಗೆ ಏನ್ ಹಾಕ್ಲಿ ಸಾ? ಶರ್ಟಾ, ಕೋಟಾ?" ಎಂದ. ಜೀವಮಾನದಲ್ಲಿ ಅಂಗಿಯ ಗುಂಡಿ ಪೂರ್ತಿ ಹಾಕದ ಮನುಷ್ಯನಿಗೆ ನಾನು ಕೋಟು ಎಂದೆ. ಟೈ ಇರಲಿ ಎಂದೆ. ಹಿಂದೆ ಹಸಿರು ಬೆಟ್ಟ, ಗುಲಾಬಿ ತೋಟ ಹಾಕಿಸಿದೆ. ಸಾಲದೆಂದು ಜೇಬಿಗೆ ಒಂದು ಪೆನ್ನು ಸಿಕ್ಕಿಸಿದೆ. ಹೆಬ್ಬೆಟ್ಟಿನ ಮನುಷ್ಯನಿಗೆ ಪೆನ್ನು! ಹತ್ತೊಂಬತ್ತು ವರ್ಷದಿಂದ ಆ ಕೋಟಿಗೇ ಊದುಬತ್ತಿ ಬೆಳಗಿ, ಆ ಟೈಗೇ ಕೈ ಮುಗಿದು ಬಸ್ಸಿಗೆ ಹೋಗುತ್ತಿರುವವನು ನಾನು. ರೆಕ್ಕೆ ಅಂಟಿಸಿದವರು ಸುಳ್ಳುಗಾರರು. ಟೈ ಕಟ್ಟಿದವನು ಪದವೀಧರ.

ಹಾಗೆ ನೋಡಿದರೆ ನಾನು ಹೋಗಿಬರುವ ಎರಡು ಊರುಗಳೂ ಕಾರ್ಟೂನ್ ಸಿನಿಮಾಗಳೇ. ನಂಜನಗೂಡಿನಲ್ಲಿರುವವನು ಲೋಕ ಉಳಿಯಲೆಂದು ನಂಜು ಕುಡಿದು, ಅದನ್ನು ನುಂಗದೆ ಉಗುಳದೆ ಕಂಠದಲ್ಲೇ ನಿಲ್ಲಿಸಿ ನೀಲಿಯಾದವನು. ಇದಕ್ಕಿಂತ ಒಳ್ಳೆಯ ಕ್ಲೈಮ್ಯಾಕ್ಸನ್ನು ಯಾವ ದೇಶದ ಕಂಪ್ಯೂಟರೂ ಇನ್ನೂ ಬರೆದಿಲ್ಲ. ನರಸೀಪುರದಲ್ಲಿರುವವನಿಗೆ ಮೈ ಮನುಷ್ಯನದು, ತಲೆ ಸಿಂಹದ್ದು. ಅವನ ಕೈಯಲ್ಲೊಂದು ಗುಲಗಂಜಿ, ಆ ಕಾಳಿನ ತೂಕದಷ್ಟು ನಮ್ಮೂರು ಕಾಶಿಗಿಂತ ಮೇಲು ಎಂದು ಅಲ್ಲಿಯವರು ಹೇಳುತ್ತಾರೆ. ಕಾಶಿಯನ್ನು ತಕ್ಕಡಿಗೆ ಹಾಕಿದವರು ಯಾರೆಂದು ಯಾರೂ ಕೇಳುವುದಿಲ್ಲ. ಅಲ್ಲಿ ಸೇರುವ ಹೊಳೆಗಳು ಮೂರು: ಕಾವೇರಿ ಕಾಣುತ್ತಾಳೆ, ಕಪಿಲೆ ಕಾಣುತ್ತಾಳೆ, ಮೂರನೆಯದು ಕಾಣುವುದಿಲ್ಲ. ಕಾಣದ ಹೊಳೆಯಲ್ಲಿ ದೊಡ್ಡ ದೊಡ್ಡ ಅಧಿಕಾರಿಗಳು ಮೂಗು ಹಿಡಿದು ಮುಳುಗೆದ್ದು, ಒದ್ದೆ ತಲೆಯಲ್ಲೇ ಕಚೇರಿಗೆ ಬಂದು, ರೈತನನ್ನು ಕೂರಿಸಿಕೊಂಡು ದಾಖಲೆ ಎಲ್ಲಿ ಎಂದು ಕೇಳುತ್ತಾರೆ. ಪಿಂಚಣಿಯ ಮುದುಕ ಎದುರಿಗೆ ಬಂದು ನಿಂತು ಕೈ ಮುಗಿದರೂ, ಬದುಕಿದ್ದಾನೆಂದು ಸರ್ಟಿಫಿಕೇಟು ತರದೆ ನಂಬದವರು ನಾವು.

ಅದಕ್ಕೇ ಇರಬೇಕು, ದೊಡ್ಡವರಿಗೆ ಈ ಸಿನಿಮಾಗಳ ಹುಚ್ಚು ಬಿಡದಿರುವುದು. ಅಲ್ಲಿ ಎಮ್ಮೆ ಹಾರುತ್ತದೆ, ಯಾರೂ ಅದರ ಲೈಸೆನ್ಸು ಕೇಳುವುದಿಲ್ಲ. ನಮ್ಮ ಮಾಮೂಲಿ ಸಿನಿಮಾದ ಹೀರೋ ಆರು ಗುಂಡು ತಿಂದರೂ ಎದ್ದು ಬಂದು ಮೊಮ್ಮಗಳ ವಯಸ್ಸಿನವಳ ಜೊತೆ ಕುಣಿಯುತ್ತಾನೆ. ಆಮೇಲೆ ಚುನಾವಣೆಗೂ ನಿಲ್ಲುತ್ತಾನೆ. ಬರೆದ ಎಮ್ಮೆ ಹಾಗಲ್ಲ. ವೋಟು ಕೇಳುವುದಿಲ್ಲ, ಗುಟ್ಕಾ ಜಾಹೀರಾತಿಗೆ ಬರುವುದಿಲ್ಲ, ಸತ್ತೆನೆಂದರೆ ಸತ್ತೇ ಇದ್ದು ಮಾತು ಉಳಿಸಿಕೊಳ್ಳುತ್ತದೆ. ಮಕ್ಕಳು ಅದು ನಿಜವೆಂದು ನಂಬಿ ಅಳುತ್ತಾರೆ. ದೊಡ್ಡವರು ಸುಳ್ಳೆಂದು ಚೆನ್ನಾಗಿ ತಿಳಿದುಕೊಂಡೇ ಅಳುತ್ತಾರೆ. ಇವರಿಬ್ಬರಲ್ಲಿ ಯಾರ ಸ್ಥಿತಿ ಹೆಚ್ಚು ಗಂಭೀರ ಎಂಬುದನ್ನು ಡಾಕ್ಟರೇ ಹೇಳಬೇಕು.

ನನಗೆ ಹೇಗೆ ಗೊತ್ತು ಎನ್ನುತ್ತೀರಾ? ಥಿಯೇಟರಿನಲ್ಲಿ ನಾನೂ ಅತ್ತೆ. ಮುದಿ ಎಮ್ಮೆ ಒಂದೇ ಒಂದು ಮಗುವಿಗಾಗಿ ವಾಪಸು ತಿರುಗಿದಾಗ ಕಪ್ಪು ಕನ್ನಡಕದ ಒಳಗೆಲ್ಲ ನೀರು. ರೈಲಿನಲ್ಲಿ ಕಂಪ್ಯೂಟರು, ಇಪ್ಪತ್ತನಾಲ್ಕು ಚಿತ್ರ ಎಂದೆಲ್ಲ ನಾನು ಭಾಷಣ ಮಾಡಿದ್ದು ಸಿಂಚನಳಿಗಲ್ಲ. ನನ್ನ ಗಂಟಲಿಗೆ.

ಎಮ್ಮೆಗೂ ಒಂದು ಎಲೆ ಹಾಕಿಕೊಳ್ಳಿ ಎಂದೆ. ಅಷ್ಟಕ್ಕೇ ಮಗಳು ಬಂದು ತಬ್ಬಿಕೊಳ್ಳುತ್ತಾಳೆಂದು ಆಸೆಪಟ್ಟಿದ್ದರೆ ಅದು ನನ್ನ ತಪ್ಪು. ಅವಳು ತಲೆಯಾಡಿಸಿ ಗಾಜು ಒರೆಸುವುದನ್ನು ಮುಂದುವರಿಸಿದಳು.

ಹಬ್ಬದ ದಿನ ಬೆಳಿಗ್ಗೆ ಚಿಕ್ಕಪ್ಪ ಬಂದರು. ಅಪ್ಪನ ತಮ್ಮ, ಎಪ್ಪತ್ತು ದಾಟಿದವರು, ನಮ್ಮ ಕುಲದ ಅಲಿಖಿತ ಕಾನೂನುಪುಸ್ತಕ. ಸೊಸೆಯಂದಿರು ಸಾರಿಗೆ ಹಾಕುವ ಉಪ್ಪಿನಿಂದ ಹಿಡಿದು ಗೋಡೆಯ ಮೊಳೆಯವರೆಗೆ ತಪ್ಪು ಕಂಡುಹಿಡಿಯುವವರು. ನೇರವಾಗಿ ಎಡೆಯ ಮುಂದೆ ಹೋಗಿ ನಿಂತರು. ಮೊದಲು ಫೋಟೋ ನೋಡಿ, "ನಮ್ಮಣ್ಣನ್ನ ಹೋದೊರ್ಸಕ್ಕಿಂತ ಈ ವರ್ಸ ಇನ್ನೂ ಸಾಹೇಬ್ನಂಗೆ ಮಾಡಿದ್ದೀಯಲ್ಲೋ" ಎಂದರು. ಆಮೇಲೆ ಎಲೆ ಎಣಿಸಿದರು. ಐದು. ನಾನು ಬೆವರಿದೆ.

"ಇದ್ಯಾರ್ದ್ಲಾ?"

ನಾನು ಬಾಯಿ ತೆರೆಯುವ ಮುಂಚೆ ಅವ್ವ, "ಎಮ್ಮೇದು. ಐಕಳ ಉಳ್ಸಕ್ಕೋಗಿ ತೀರೋಯ್ತು, ಪಾಪ" ಎಂದಳು. ಸಿನಿಮಾ ಎಂಬ ಪದವನ್ನು ಅವಳು ಬಳಸಲೇ ಇಲ್ಲ. ಚಿಕ್ಕಪ್ಪ ಬಗ್ಗಿ ಎಲೆಯನ್ನು ನೋಡಿದರು. ಮುಖ ಕೆಂಪಾಯಿತು. ಇನ್ನೇನು ಬಂತು ಎಂದುಕೊಂಡೆ. ಬಂದೇ ಬಂತು:

"ಥೂ ನಿಮ್ಮ! ಎಮ್ಮೆಗೆ ಬಾಡ್ನೆಸ್ರು ಇಕ್ಕಿದ್ದೀರಲ್ಲ, ಬುದ್ದಿ ಅದಾ ನಿಮ್ಗೆ? ಅದು ಯಾವತ್ತಾರ ಬಾಡು ತಿಂದದಾ? ಓದ್ದೋನ ಮನೇಲಿ ಇಷ್ಟೂ ತಿಳೀಬ್ಯಾಡ್ವಾ? ಓಗ್ಲಾ, ಒಂದು ಹಿಡಿ ಹಸಿ ಹುಲ್ಲು ತಗಬಾ. ಒಸಿ ಬೂಸ, ಒಂದು ಅಚ್ಚು ಬೆಲ್ಲ!"

ಹೀಗಾಗಿ ಹಬ್ಬದ ದಿನ ಬಿಳಿ ಪಂಚೆ ಉಟ್ಟ ಪದವೀಧರನೊಬ್ಬ ಹಿಂದಿನ ಬೀದಿಯಲ್ಲಿ ಹಸು ಕಟ್ಟಿರುವವರ ಮನೆಗೆ ಹುಲ್ಲು ಕೇಳಲು ಹೋದ. ಆ ಮನೆಯವನು ಒಂದು ಕಂತೆ ಕೊಡುತ್ತಾ, "ಯಾವಾಗ ಕಟ್ಟಿದ್ರಿ ಸಾ? ಹಸುನಾ, ಎಮ್ಮೇನಾ?" ಎಂದ. ಎಮ್ಮೆ ಎಂದೆ. "ಕರೀತದಾ?" ಎಂದ. ಹಾರುತ್ತದೆ ಎನ್ನಲು ಬಾಯಿಗೆ ಬಂದಿತ್ತು. ಇನ್ನೂ ಇಲ್ಲ ಎಂದು ಹೇಳಿ ಬಂದೆ.

ಬಾಡಿನ ಸಾರು ಹೋಗಿ ಹುಲ್ಲು ಬಂತು, ಬೂಸ ಬಂತು, ಬೆಲ್ಲ ಬಂತು. ಚಿಕ್ಕಪ್ಪ ತಾವೇ ಒಂದು ಚೊಂಬು ನೀರು ತಂದಿಟ್ಟು, ಚೊಂಬು ಸಾಲದೆಂದು ಬಕೆಟ್ ಇಡಿಸಿದರು. ಧೂಪ ಹಾಕಿದ್ದಾಯಿತು. ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚಿ ಜಗಲಿಯಲ್ಲಿ ಕೂತೆವು. ನನ್ನ ಲೆಕ್ಕದಲ್ಲಿ ಹಿರಿಯರ ಊಟಕ್ಕೆ ಐದು ನಿಮಿಷ. ಗಡಿಯಾರ ನೋಡಿಕೊಂಡೆ, ಹೊಟ್ಟೆ ಚುರುಗುಟ್ಟುತ್ತಿತ್ತು. ಎದ್ದು ಬಾಗಿಲ ಹತ್ತಿರ ಹೋಗಿ ಕೆಮ್ಮಲು ಗಂಟಲು ಸರಿಮಾಡಿಕೊಂಡೆ.

"ಅಪ್ಪ, ಇನ್ನೂ ಸ್ವಲ್ಪ ಹೊತ್ತು ಇರು" ಎಂದಳು ಸಿಂಚನ. "ಅದು ದೊಡ್ಡದು. ನಿಧಾನಕ್ಕೆ ತಿನ್ನತ್ತೆ."

ಬಂದು ಅವಳ ಪಕ್ಕದಲ್ಲಿ ಕೂತೆ. ಒಳಗೆ ಸದ್ದಿರಲಿಲ್ಲ. ಅವಳು ತನ್ನ ಕಾಲ್ಬೆರಳನ್ನೇ ನೋಡುತ್ತಾ ಕೇಳಿದಳು:

"ತಾತ ಅದರ ಮೇಲೆ ಕೂತ್ಕೊಂಡು ಬಂದಿರ್ತಾರಾ?"

ಪ್ರಶ್ನೆ ನನ್ನನ್ನೇ ಕೇಳಿದ್ದಳು. ಅವ್ವ, ಚಿಕ್ಕಪ್ಪ, ನನ್ನ ಹೆಂಡತಿ ಮೂವರೂ ನನ್ನ ಬಾಯನ್ನೇ ನೋಡುತ್ತಿದ್ದರು. ಇದಕ್ಕೆ ಪದವಿಯ ಉತ್ತರ ಏನೆಂದು ನನಗೂ ಗೊತ್ತು, ನಿಮಗೂ ಗೊತ್ತು.

"ಇಲ್ಲ ಮಗಳೇ" ಎಂದೆ. "ನಿಮ್ಮ ತಾತ ಸಾಕಿದ ಪ್ರಾಣಿಯ ಮೇಲೆ ಯಾವತ್ತೂ ಕೂತವರಲ್ಲ. ಎಷ್ಟು ಸುಸ್ತಾಗಿದ್ದರೂ ಹಗ್ಗ ಹಿಡ್ಕೊಂಡು ಮುಂದೆ ಮುಂದೆ ನಡ್ಕೊಂಡೇ ಬರೋರು."

ಅವಳು ಯೋಚಿಸಿದಳು. "ಅದು ಹಾರ್ತಾ ಇದ್ರೆ?"

ನಾನು ತಡವರಿಸಿದೆ. ಶಾಲೆಯ ಕಡೆ ತಲೆ ಹಾಕಿ ಮಲಗದ ಚಿಕ್ಕಪ್ಪ ತಡವರಿಸಲಿಲ್ಲ. "ಆಗ ಹಗ್ಗವ ಒಸಿ ಉದ್ದ ಬುಟ್ಟಿರ್ತಾನೆ ಬುಡವ್ವ. ನಮ್ಮಣ್ಣ ಯಾವತ್ತೂ ದನ ಜಗ್ಗಿದೋನಲ್ಲ" ಎಂದರು.

"ಎಷ್ಟುದ್ದ, ಅಪ್ಪ?"

ಇಲ್ಲಿಂದ ಕಪಿಲೆಯ ದಡದವರೆಗೆ ಎಂದೆ. ಸಾಲಲ್ಲ ಎಂದಳು. ಹಾಗಾದರೆ ನರಸೀಪುರದವರೆಗೆ, ಸಂಗಮದವರೆಗೆ ಎಂದೆ. ಆಕಾಶ ನೋಡಿ ಮನಸ್ಸಿನಲ್ಲೇ ಅಳೆದು, ಸಾಕು ಎಂದಳು.

ಆಮೇಲೆ ನಾನು ಎದ್ದು ಹೋಗಿ ಕೆಮ್ಮಿದೆ.